ಶಾಲಾ ವರ್ಷದ ಕೊನೆಗೆ ಮಕ್ಕಳ ಕೈಗೆ ಏನು ಕೊಡೋಣ? ಕಡಿಮೆ ಖರ್ಚಿನ ದಾರಿ, ಹಂತ ಹಂತವಾಗಿ

ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ಹತ್ತಿರ ಬಂತೆಂದರೆ, ಅಂದರೆ ಮಾರ್ಚ್ ಹೊತ್ತಿಗೆ, ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಸರ್ರೀ, ಈ ಸಲ ನಮ್ ಮಕ್ಕಳಿಗೆ ಏನರ ಕೊಡಬೇಕಂತ ಮಾಡೀನಿ. ನಲವತ್ತು ಮಂದಿ ಅದಾರ. ಏನು ಕೊಡ್ಲಿರಿ?" ಕೇಳುವವರು ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಿಕ್ಷಕರು. ಹೆಚ್ಚಿನವರು ಹೊಸದಾಗಿ ಕೆಲಸಕ್ಕೆ ಸೇರಿದವರು. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಕಲಿಸುವುದು ಚಿತ್ತಾಪುರ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ. ನನ್ನ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಕೆಳಗಿನ ಲೆಕ್ಕವೆಲ್ಲ ಆ 38ಕ್ಕೆ. ನಿಮ್ಮ ತರಗತಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ಒಂದು ಮಾತು ಮೊದಲೇ ಹೇಳುತ್ತೇನೆ. ಪೆನ್ಸಿಲ್ ಸವೆಯುತ್ತದೆ, ಚಾಕಲೇಟ್ ಒಂದು ಗಳಿಗೆಯಲ್ಲಿ ಮುಗಿಯುತ್ತದೆ. ಮಗು ಎತ್ತಿಟ್ಟುಕೊಳ್ಳುವುದು ಅದರ ಬಗ್ಗೆಯೇ ನೀವು ಬರೆದ ಒಂದು ಸಾಲನ್ನು. ಹೆಸರು ಹಾಕಿ, ನೀವೇ ಕೈಯಾರೆ ಬರೆದ ಸಾಲು. ಅದಕ್ಕೆ ದುಡ್ಡು ಬೇಡ, ಸಮಯ ಬೇಕು. ಆದ್ದರಿಂದ ಈ ಕೆಲಸ ಏಪ್ರಿಲ್‌ನಲ್ಲಿ ಶುರುವಾಗುವುದಲ್ಲ, ಜನವರಿಯಲ್ಲೇ ಶುರುವಾಗಬೇಕು.

ಏನೇನು ಬೇಕು

ಪ್ರತಿ ಮಗುವಿಗೂ ಆ ಸಾಲು ಬರೆದ ಒಂದು ಪುಟದ ಗುರುತಿನ ಪಟ್ಟಿ, ಒಂದೇ ಹಾಳೆಯ ಪುಟಾಣಿ ಪುಸ್ತಕ, ಒಂದು ಪೋಸ್ಟ್ ಕಾರ್ಡ್ ಕೊಡುತ್ತೇವೆ. ಅದಕ್ಕೆ ಬೇಕಾದ್ದು ಇಷ್ಟು: ಒಂದು ಚಿಕ್ಕ ವಹಿ. ಕಪ್ಪು ಚಾರ್ಟ್ ಪೇಪರ್ ಒಂದು. ಬೆಳ್ಳಿ ಬಣ್ಣದ ಜೆಲ್ ಪೆನ್ನು ಎರಡು. ಏಳು ಬಿಳಿ ಎ4 ಹಾಳೆ, ಗೋಂದು, ಸ್ಕೇಲು, ಕತ್ತರಿ, ಬಣ್ಣದ ದಾರ. 38 ಪೋಸ್ಟ್ ಕಾರ್ಡ್. ಝೆರಾಕ್ಸ್ ಅಂಗಡಿಗೆ ಒಂದು ಸಲ ಹೋಗಿ ಬರಬೇಕು.

ನನ್ನ ಲೆಕ್ಕ ಹೀಗಿದೆ: ಚಾರ್ಟ್ 15 ರೂಪಾಯಿ, ಎರಡು ಪೆನ್ನಿಗೆ 100, ದಾರಕ್ಕೆ 20, ಪೋಸ್ಟ್ ಕಾರ್ಡಿಗೆ 19, ಪುಟಕ್ಕೆ 2 ರೂಪಾಯಿಯಂತೆ 38 ಝೆರಾಕ್ಸಿಗೆ 76. ಒಟ್ಟು 230 ರೂಪಾಯಿ. ಮಗುವಿಗೆ ತಲಾ 6 ರೂಪಾಯಿ ಬೀಳುತ್ತದೆ. ಅಂಗಡಿಯಿಂದ ಅಂಗಡಿಗೆ ಐದು ಹತ್ತು ರೂಪಾಯಿ ವ್ಯತ್ಯಾಸ ಇದ್ದೇ ಇರುತ್ತದೆ. ಇದರ ಜೊತೆ 5 ರೂಪಾಯಿಯ ಒಂದೊಂದು ಪೆನ್ಸಿಲ್ ಇಟ್ಟರೆ 420 ಆಗುತ್ತದೆ.

ಈ ದುಡ್ಡನ್ನು ಮಕ್ಕಳಿಂದಾಗಲಿ ಪೋಷಕರಿಂದಾಗಲಿ ಕೇಳಬೇಡಿ. ಹತ್ತು ರೂಪಾಯಿ ಅಷ್ಟೇ ಅಲ್ವಾ ಅನ್ನಿಸಬಹುದು. ಆ ಹತ್ತು ರೂಪಾಯಿ ತರಲಾಗದ ಮಗು ಅವತ್ತು ಶಾಲೆಗೇ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಮೇಲೆ ಎಂಟನೇ ತರಗತಿಯವರೆಗಿನ ಓದು ಉಚಿತ. ಅದರ ಅರ್ಥವನ್ನು ಇಂಥ ಚಿಕ್ಕ ವಿಷಯದಲ್ಲೂ ಉಳಿಸಿಕೊಳ್ಳೋಣ. ಶಾಲೆಯ ಅನುದಾನವನ್ನೂ ಇದಕ್ಕೆ ಮುಟ್ಟಬೇಡಿ. ನಿಮ್ಮ ಕೈಯಿಂದ ಎಷ್ಟು ಆಗುತ್ತದೋ ಅಷ್ಟೇ ಸಾಕು. ಊರಿನ ಯಾರಾದರೂ ತಾವಾಗಿಯೇ ಕೊಡಲು ಬಂದರೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಹೇಳಿ, ಬರೆಸಿ ತೆಗೆದುಕೊಳ್ಳಿ.

1. ಜನವರಿಯಿಂದ ವಹಿ ತುಂಬಿ

ವಹಿಯಲ್ಲಿ ಒಂದು ಮಗುವಿಗೆ ಒಂದು ಪುಟ. ಮೇಲೆ ಹೆಸರು. ದಿನಕ್ಕೆ ಇಬ್ಬರು ಮಕ್ಕಳನ್ನು ಮನಸ್ಸಿನಲ್ಲೇ ಆರಿಸಿಕೊಳ್ಳಿ. ಅವತ್ತು ಅವರು ಏನು ಮಾಡಿದರು ಎಂದು ಒಂದು ಸಾಲು ಬರೆಯಿರಿ. ಅಂಕದ ವಿಷಯ ಬೇಡ. ನೋಡಿದ್ದನ್ನು ಬರೆಯಿರಿ: ಬಿಸಿಯೂಟದ ಸಾಲಿನಲ್ಲಿ ಏನು ಮಾಡಿದ, ಕಸಬರಿಗೆ ಹೇಗೆ ಹಿಡಿದಳು, ಯಾರ ಪಕ್ಕ ಹೋಗಿ ಕೂತಳು, ಯಾವ ಪ್ರಶ್ನೆ ಕೇಳಿದ.

ದಿನಕ್ಕೆ ಇಬ್ಬರಂತೆ ಹೋದರೆ 19 ಶಾಲಾ ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಮಾರ್ಚ್ ಹೊತ್ತಿಗೆ ಎರಡು ಸುತ್ತು ಆಗಿರುತ್ತದೆ.

ಇಲ್ಲಿ ಒಂದು ವಿಷಯ ನಿಮಗೇ ಗೊತ್ತಾಗುತ್ತದೆ. ಕೆಲವು ಪುಟ ತಾವಾಗಿಯೇ ತುಂಬುತ್ತವೆ. ಕೆಲವು ಖಾಲಿ ಉಳಿಯುತ್ತವೆ. ಖಾಲಿ ಉಳಿಯುವುದು ಸಾಮಾನ್ಯವಾಗಿ ಜಾಣರದ್ದೂ ಅಲ್ಲ, ಗಲಾಟೆ ಮಾಡುವವರದ್ದೂ ಅಲ್ಲ. ಮೂರನೇ ಸಾಲಿನಲ್ಲಿ ಸುಮ್ನೆ ಕೂತುಕೊಳ್ಳುವ ಮಕ್ಕಳದ್ದು. ಆ ಪುಟಗಳನ್ನು ತುಂಬಿಸಲೆಂದೇ ಫೆಬ್ರವರಿಯಲ್ಲಿ ಒಂದು ವಾರ ಎತ್ತಿಡಿ.

2. ಸಾಲು ಬರೆಯುವುದು

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ದಿನಕ್ಕೆ ಐದು ಬರೆದರೆ ಎಂಟು ದಿನದಲ್ಲಿ ಮುಗಿಯುತ್ತದೆ. ಒಂದೇ ರಾತ್ರಿ ಕೂತು 38 ಬರೆಯಲು ಹೋಗಬೇಡಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಎಲ್ಲ ಸಾಲುಗಳೂ ಒಂದೇ ಥರ ಆಗುತ್ತವೆ. ಮಕ್ಕಳು ಒಬ್ಬರದ್ದೊಬ್ಬರು ಓದಿ ನೋಡುತ್ತಾರೆ. ಇಬ್ಬರಿಗೆ ಒಂದೇ ಸಾಲು ಬಂದಿದ್ದರೆ ಅಲ್ಲಿಗೆ ಅದರ ಬೆಲೆ ಹೋಯಿತು.

"ನೀನು ತುಂಬಾ ಒಳ್ಳೆಯ ಹುಡುಗಿ" ಎಂದು ಬರೆಯಬೇಡಿ. ಇದು ಯಾರಿಗೆ ಬೇಕಾದರೂ ಬರೆಯಬಹುದಾದ ಮಾತು. ಅದರ ಬದಲು ಹೀಗೆ ಬರೆಯಿರಿ:

"ಊಟದ ಸಾಲಿನಲ್ಲಿ ಒಂದನೇ ತರಗತಿಯ ಮಕ್ಕಳನ್ನು ದಿನಾ ಮುಂದೆ ಬಿಟ್ಟವಳು ನೀನು."

"ಭಾಗಾಕಾರ ಬರಲಿಲ್ಲ ಅಂತ ನೀನು ಒಂದು ದಿನವೂ ಬಿಟ್ಟು ಎದ್ದು ಹೋಗಲಿಲ್ಲ. ಈಗ ನಿನಗೆ ಬರುತ್ತದೆ."

"ಗಿಡಕ್ಕೆ ನೀರು ಹಾಕು ಅಂತ ನಿನಗೆ ಯಾರೂ ಹೇಳಲಿಲ್ಲ. ನೀನೇ ಹಾಕಿದೆ. ನಾನು ನೋಡಿದ್ದೇನೆ."

ಮೂರೂ ಸಾಲು ಆ ಮಗುವಿಗೆ ಮಾತ್ರ ಒಪ್ಪುತ್ತವೆ. ಮೂರರಲ್ಲೂ ಶಿಕ್ಷಕ ನೋಡಿದ ಒಂದು ಸಂಗತಿ ಇದೆ. ಇಷ್ಟನ್ನು ಹಿಡಿದುಕೊಂಡರೆ ಮಿಕ್ಕಿದ್ದು ಸಲೀಸು.

ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ಹೇಳಿಬಿಡುತ್ತೇನೆ. ಹೊಗಳಿಕೆಯ ಒಳಗೆ ಬೈಗುಳ ಸೇರಿಸಬೇಡಿ. "ಮಾತು ಜಾಸ್ತಿ ಆದರೂ ಮನಸ್ಸು ಒಳ್ಳೆಯದು" ಎಂದರೆ ಮಗುವಿಗೆ ನೆನಪಿರುವುದು ಮೊದಲ ಅರ್ಧ ಮಾತ್ರ. ಅಕ್ಕನ ಜೊತೆ, ಪಕ್ಕದವನ ಜೊತೆ ಹೋಲಿಸಬೇಡಿ. ಮೈಬಣ್ಣ, ಬಡತನ, ಮನೆಯ ಕಷ್ಟ ಇವುಗಳ ಸುದ್ದಿಗೇ ಹೋಗಬೇಡಿ. ತಂದೆ ತೀರಿಕೊಂಡ ಮಗುವಿಗೆ ಸಮಾಧಾನ ಹೇಳಬೇಕೆಂದು ಅನ್ನಿಸಬಹುದು. ಅದನ್ನು ಬಾಯಲ್ಲಿ, ಒಬ್ಬರೇ ಇದ್ದಾಗ ಹೇಳಿ. ಈ ಚೀಟಿಯನ್ನು ಅಣ್ಣ, ಅಕ್ಕ, ಪಕ್ಕದ ಮನೆಯವರು ಎಲ್ಲರೂ ಜೋರಾಗಿ ಓದುತ್ತಾರೆ ಎಂದುಕೊಂಡೇ ಬರೆಯಿರಿ.

ಹೆಸರನ್ನು ಹಾಜರಿ ಪುಸ್ತಕ ನೋಡಿಕೊಂಡು ಬರೆಯಿರಿ. ನಮ್ಮ ಮೂರು ಜಿಲ್ಲೆಗಳಲ್ಲಿ ಮನೆಮಾತು ಹಲವು. ಬೀದರ್ ಕಡೆ ಮರಾಠಿ, ಎಲ್ಲ ಕಡೆ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಗಡಿ ಊರುಗಳಲ್ಲಿ ತೆಲುಗು. ಸಾಲು ಕನ್ನಡದಲ್ಲೇ ಇರಲಿ. ಆದರೆ ಹೆಸರನ್ನು ಇನ್ನೊಂದು ಸಲ ಮನೆಯವರು ಓದುವ ಲಿಪಿಯಲ್ಲಿ ಬರೆದರೆ ತಾಯಿ ತಂದೆ ಎಷ್ಟು ಖುಷಿಪಡುತ್ತಾರೆ ಎಂಬುದನ್ನು ನೀವೇ ನೋಡಿ. ಆ ಲಿಪಿ ಬಾರದಿದ್ದರೆ ಬರುವವರನ್ನು ಕೇಳಿ ಬರೆಸಿಕೊಳ್ಳಿ. ಊಹೆಯ ಮೇಲೆ ಬರೆಯಬೇಡಿ.

ನಲಿ-ಕಲಿ, ಅಂದರೆ ಒಂದರಿಂದ ಮೂರನೇ ತರಗತಿಯ ಚಿಕ್ಕವರಿಗೆ ಓದಲು ಬರುವುದಿಲ್ಲ ಎಂದು ಸಾಲು ಬಿಡಬೇಡಿ. ಎರಡು ಮೂರು ಪದ ಸಾಕು. ಕೊಡುವಾಗ ನೀವೇ ಓದಿ ಹೇಳಿ.

3. ಬಿದರಿ ಮಾದರಿಯ ಬುಕ್‌ಮಾರ್ಕ್

ಬುಕ್‌ಮಾರ್ಕ್ ಅಂದರೆ ಓದಿದ ಪುಟದ ಗುರುತಿಗೆ ಇಡುವ ಪಟ್ಟಿ. ನಮ್ಮ ಬಿದರಿ ಕಲೆಯಲ್ಲಿ ಕಪ್ಪು ಮೈ ಮೇಲೆ ಬೆಳ್ಳಿಯ ಹೂಬಳ್ಳಿ ಇರುತ್ತದಲ್ಲ, ಅದನ್ನೇ ಕಪ್ಪು ಕಾಗದದ ಮೇಲೆ ಬೆಳ್ಳಿ ಪೆನ್ನಿನಿಂದ ಬಿಡಿಸುವುದು. ನಿಜವಾದ ಬಿದರಿ ಕೀಚೈನು ತಲಾ ಒಂದು ಕೊಡಲು ನಮ್ಮಿಂದ ಆಗದು. ಇದು ಆಗುತ್ತದೆ.

ದೊಡ್ಡ ಚಾರ್ಟ್ ಪೇಪರ್ 22 ಇಂಚು ಅಗಲ, 28 ಇಂಚು ಉದ್ದ ಇರುತ್ತದೆ. ಪಟ್ಟಿಯನ್ನು 2 ಇಂಚು ಅಗಲ, 7 ಇಂಚು ಉದ್ದಕ್ಕೆ ಕತ್ತರಿಸಿ. 22ರಲ್ಲಿ ಹನ್ನೊಂದು, 28ರಲ್ಲಿ ನಾಲ್ಕು. ಒಂದೇ ಚಾರ್ಟಿನಲ್ಲಿ 44 ಪಟ್ಟಿ, ಒಂದು ಚೂರೂ ವ್ಯರ್ಥವಿಲ್ಲ. ಆರು ಪಟ್ಟಿ ಉಳಿಯುತ್ತವೆ, ಕೆಟ್ಟರೆ ಬೇಕಾಗುತ್ತವೆ. ಚಾರ್ಟನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತಂದಿದ್ದರೆ ಮೊದಲ ರಾತ್ರಿ ಹಾಸಿಗೆ ಕೆಳಗೆ ಹರಡಿಡಿ, ನೇರವಾಗುತ್ತದೆ.

ಮೊದಲು ಪೆನ್ಸಿಲ್ಲಿನಿಂದ ಅಂಚಿಗೆ ಒಂದು ಗೆರೆ, ನಡುವೆ ಒಂದು ಬಳ್ಳಿ, ಬಳ್ಳಿಗೆ ಎಲೆ. ಆಮೇಲೆ ಅದರ ಮೇಲೆ ಬೆಳ್ಳಿ ಪೆನ್ನು. ಚಿತ್ರ ಬರುವುದಿಲ್ಲ ಎನ್ನುವವರು ಬರೀ ಚುಕ್ಕಿ, ಗೆರೆ, ತ್ರಿಕೋನದಲ್ಲೇ ತುಂಬಿಸಿ. ಬಿದರಿಯಲ್ಲೂ ಅಂಥ ವಿನ್ಯಾಸ ಬಹಳ ಇವೆ. ಬರೆದ ಮೇಲೆ ಕನಿಷ್ಠ ಹತ್ತು ನಿಮಿಷ ಒಣಗಲು ಬಿಡಿ. ಒಂದರ ಮೇಲೊಂದು ಪೇರಿಸಿಟ್ಟರೆ ಬೆಳ್ಳಿ ಮೆತ್ತಿಕೊಳ್ಳುತ್ತದೆ. ಪೆನ್ನು ಕೊಳ್ಳುವಾಗ ಅಂಗಡಿಯಲ್ಲೇ ಕಪ್ಪು ಕಾಗದದ ಚೂರಿನ ಮೇಲೆ ಗೀಚಿ ನೋಡಿ. ಕೆಲವು ಪೆನ್ನು ಬಿಳಿ ಹಾಳೆಯಲ್ಲಿ ಹೊಳೆಯುತ್ತವೆ, ಕಪ್ಪಿನ ಮೇಲೆ ಕಾಣುವುದೇ ಇಲ್ಲ.

ಹಿಂಬದಿಗೆ ನಿಮ್ಮ ಸಾಲು ಬರಬೇಕು. ಕಪ್ಪಿನ ಮೇಲೆ ಬೆಳ್ಳಿಯಲ್ಲಿ ಬರೆದರೆ ಮಕ್ಕಳಿಗೆ ಓದಲು ಕಷ್ಟ. ಅದಕ್ಕೇ ಬಿಳಿ ಚೀಟಿ. ಒಂದು ಎ4 ಹಾಳೆಯಲ್ಲಿ ಆರು ಚೀಟಿ ಆಗುತ್ತವೆ, ಏಳು ಹಾಳೆ ಸಾಕು. ಚೀಟಿಯ ಮೇಲೆ ನೀಲಿ ಪೆನ್ನಿನಿಂದ ಬರೆದು, ಒಣಗಿದ ಮೇಲೆ ಅಂಟಿಸಿ. ತುದಿಗೆ ತೂತು ಹಾಕಿ ದಾರ ಕಟ್ಟಿ.

ಲ್ಯಾಮಿನೇಷನ್, ಅಂದರೆ ಪ್ಲಾಸ್ಟಿಕ್ ಹೊದಿಕೆ, ಮಾಡಿಸಬೇಕೇ ಎಂದು ಕೇಳುತ್ತಾರೆ. ಬೇಡ. ಖರ್ಚು ಬುಕ್‌ಮಾರ್ಕಿಗಿಂತ ಜಾಸ್ತಿ. ಎರಡು ಇಂಚಿನ ಪಾರದರ್ಶಕ ಟೇಪು ಹಿಂಬದಿಗೆ ಸರಿಯಾಗಿ ಕೂರುತ್ತದೆ. ಸಾಲು ಅಳಿಸದಂತೆ ಅಷ್ಟು ಮಾಡಿದರೆ ಸಾಕು.

ಕೊಡುವಾಗ ಒಂದೆರಡು ಮಾತು ಹೇಳಿ: ಬಿದರಿ ಪಾತ್ರೆ ಸತು ಮತ್ತು ತಾಮ್ರ ಬೆರೆಸಿದ ಲೋಹದ್ದು, ಅದರೊಳಗೆ ಬೆಳ್ಳಿ ಕೂರಿಸುತ್ತಾರೆ, ಬೀದರ್ ಕೋಟೆಯ ಮಣ್ಣು ಬಳಸಿ ಕಪ್ಪು ಮಾಡುತ್ತಾರೆ. ಆ ಮಣ್ಣು ಬೆರೆಸಿದ ದ್ರಾವಣಕ್ಕೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳಪು ಕಳೆದುಕೊಳ್ಳುವುದಿಲ್ಲ. ಈ ಮಾತು ಕೇಳಿ ಮಕ್ಕಳು ಬುಕ್‌ಮಾರ್ಕನ್ನು ಮತ್ತೊಮ್ಮೆ ತಿರುಗಿಸಿ ನೋಡುತ್ತಾರೆ.

4. ಒಂದೇ ಹಾಳೆಯ ಪುಟಾಣಿ ಪುಸ್ತಕ

ಒಂದು ಎ4 ಹಾಳೆ, ಒಂದು ಕತ್ತರಿ. ಎಂಟು ಪುಟದ ಪುಸ್ತಕ ಆಗುತ್ತದೆ. ಹೊಲಿಗೆ, ಪಿನ್ನು ಏನೂ ಬೇಡ.

ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಚಿ ಬಿಚ್ಚಿ. ಈಗ ಅಡ್ಡಕ್ಕೆ ಮಡಚಿ ಬಿಚ್ಚಿ. ಎರಡೂ ತುದಿಗಳನ್ನು ನಡುವಿನ ಗೆರೆಗೆ ತಂದು ಮಡಚಿ ಬಿಚ್ಚಿ. ಎಂಟು ಮನೆ ಕಾಣುತ್ತವೆ. ಮತ್ತೆ ಅಡ್ಡಕ್ಕೆ ಒಮ್ಮೆ ಮಡಚಿ. ಮಡಚಿದ ಅಂಚಿನಿಂದ ಶುರು ಮಾಡಿ, ಉದ್ದ ಗೆರೆಯ ಮೇಲೆ, ಮೊದಲ ಅಡ್ಡ ಗೆರೆ ಬರುವವರೆಗೆ ಮಾತ್ರ ಕತ್ತರಿಸಿ. ಬಿಚ್ಚಿದರೆ ಹಾಳೆಯ ನಟ್ಟನಡುವೆ ಸೀಳು ಇರುತ್ತದೆ. ಈಗ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ಬಿಡುತ್ತದೆ. ಪುಸ್ತಕದಂತೆ ಒತ್ತಿ ಮಡಚಿ.

ಇಲ್ಲಿ ಎಲ್ಲರೂ ಎಡವುವುದು ಪುಟದ ಕ್ರಮದಲ್ಲಿ. ಹಾಳೆ ಬಿಚ್ಚಿದಾಗ ನಾಲ್ಕು ಪುಟ ತಲೆಕೆಳಗಾಗಿರುತ್ತವೆ. ಬಾಯಿಪಾಠ ಮಾಡಬೇಡಿ. ಖಾಲಿ ಹಾಳೆಯಲ್ಲಿ ಮೊದಲು ಒಂದು ಪುಸ್ತಕ ಮಾಡಿ. ಮುಖಪುಟದಿಂದ ಶುರು ಮಾಡಿ ಪೆನ್ಸಿಲ್ಲಿನಲ್ಲಿ 1ರಿಂದ 8 ಬರೆಯಿರಿ. ಬಿಚ್ಚಿ ನೋಡಿ. ಯಾವ ಮನೆಯಲ್ಲಿ ಯಾವ ಪುಟ, ಯಾವ ದಿಕ್ಕು ಎಂದು ಅದೇ ಹೇಳುತ್ತದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಅಸಲು ಪ್ರತಿ ಬರೆದು ಝೆರಾಕ್ಸ್ ಮಾಡಿಸಿ. ಝೆರಾಕ್ಸ್ ಯಂತ್ರ ಅಂಚನ್ನು ಸ್ವಲ್ಪ ತಿನ್ನುತ್ತದೆ, ನಾಲ್ಕೂ ಬದಿಗೆ ಅರ್ಧ ಇಂಚು ಖಾಲಿ ಬಿಡಿ.

ಒಳಗೆ ಏನು ಬರೆಯಬೇಕು? ನನ್ನ ಆಯ್ಕೆ ನಮ್ಮ ನೆಲದ ಸಂಗತಿಗಳು. ಪುಟಕ್ಕೆ ಒಂದೇ ಸಂಗತಿ, ಮೂರು ಸಾಲು, ಒಂದು ಗೆರೆಚಿತ್ರ. ಕಲಬುರಗಿ ಮಕ್ಕಳಿಗೆ: ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿದೆ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೇ ಇದೆ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಗುರುತು ಸಿಕ್ಕಿತು. ಜಿಐ ಅಂದರೆ ಈ ಪದಾರ್ಥ ಈ ನೆಲದ್ದೇ ಎಂದು ಸರ್ಕಾರ ಕೊಡುವ ಮಾನ್ಯತೆ. ಗುಲಬರ್ಗಾ ಎಂಬ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಬೀದರ್‌ನವರು ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾ, ನೆಲದಡಿಯ ಕರೇಜ್ ನೀರಿನ ದಾರಿ ಸೇರಿಸಬಹುದು. ಯಾದಗಿರಿಯವರಿಗೆ ಶಹಾಪುರದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ ಇದೆ, ಸುರಪುರದ ಬೋನಾಳ ಕೆರೆಯ ಹಕ್ಕಿಗಳಿವೆ, 2009ರಲ್ಲಿ ಹೊಸ ಜಿಲ್ಲೆಯಾದ ಸುದ್ದಿ ಇದೆ.

ಏಳನೇ ಪುಟ ಖಾಲಿ ಬಿಡಿ. ಮೇಲೆ "ನಿನ್ನ ಊರಿನ ಬಗ್ಗೆ ನೀನೇ ಬರೆ" ಎಂದಷ್ಟೇ ಇರಲಿ.

ಬರೆಯಲು ಪುರುಸೊತ್ತಿಲ್ಲದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ತಾಣ ನೋಡಿ. 2015ರಿಂದ ಇದೆ. ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಿವೆ. ಅಲ್ಲಿಯ ಕಥೆಗಳು ಮುಕ್ತ ಪರವಾನಗಿಯವು, ಅಂದರೆ ಬರೆದವರ, ಚಿತ್ರ ಬಿಡಿಸಿದವರ ಹೆಸರಿನ ಪುಟ ಉಳಿಸಿಕೊಂಡು ಪ್ರತಿ ತೆಗೆದು ಹಂಚಬಹುದು. ಬಣ್ಣದ ಚಿತ್ರ ಕಪ್ಪು ಬಿಳುಪಿನಲ್ಲಿ ಮಸಿಯಾಗುತ್ತದೆ. ಮೊದಲು ಒಂದೇ ಪುಟ ತೆಗೆಸಿ ನೋಡಿ. ಅಂಗಡಿಯ ಪುಸ್ತಕ ತಂದು ಝೆರಾಕ್ಸ್ ಮಾಡಿ ಹಂಚುವುದು ಬೇಡ, ಅದು ಬರೆದವರಿಗೆ ಅನ್ಯಾಯ.

5. ಎಂಟಾಣೆಯ ಪೋಸ್ಟ್ ಕಾರ್ಡ್

ಸಾದಾ ಪೋಸ್ಟ್ ಕಾರ್ಡಿಗೆ 50 ಪೈಸೆ. ಹೆಚ್ಚಿನ ಮಕ್ಕಳು ಅದನ್ನು ನೋಡಿಯೇ ಇಲ್ಲ. ವಿಳಾಸದ ಜಾಗದಲ್ಲಿ ನಿಮ್ಮ ಶಾಲೆಯ ವಿಳಾಸ ನೀವೇ ಬರೆದು ಕೊಡಿ. ರಜೆಯಲ್ಲಿ ಒಂದು ದಿನ ಮಗು ನಿಮಗೆ ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಬೇಕು, ಅಷ್ಟೇ. ಪಿನ್ ಕೋಡ್ ಮರೆಯಬೇಡಿ. ನಮ್ಮ ಮೂರೂ ಜಿಲ್ಲೆಗಳದ್ದು 585ರಿಂದ ಶುರುವಾಗುತ್ತದೆ.

ಹಳ್ಳಿಯ ಅಂಚೆ ಕಚೇರಿಯಲ್ಲಿ ಒಂದೇ ಸಲಕ್ಕೆ 38 ಕಾರ್ಡ್ ಇರದಿರಬಹುದು. ಫೆಬ್ರವರಿಯಲ್ಲೇ ಹೇಳಿಡಿ. ರಜೆಯಲ್ಲಿ ಶಾಲೆ ಮುಚ್ಚಿರುತ್ತದೆ, ಬಂದ ಕಾರ್ಡುಗಳನ್ನು ಕಚೇರಿಯಲ್ಲೇ ಎತ್ತಿಡಲು ಪೋಸ್ಟ್ ಮಾಸ್ತರರನ್ನು ಕೇಳಿಕೊಳ್ಳಿ. ಬಂದ ಪ್ರತಿ ಕಾರ್ಡಿಗೂ ಉತ್ತರ ಬರೆಯುವ ಮನಸ್ಸಿದ್ದರೆ ಮಾತ್ರ ಈ ಹಂತ ಮಾಡಿ. ಉತ್ತರಕ್ಕಾಗಿ ಮಗು ಕಾಯುತ್ತದೆ.

6. ಬೀಜದ ಪೊಟ್ಟಣ, ಬೇಕಿದ್ದರೆ

ಹಳೆ ಪತ್ರಿಕೆಯ ಕಾಗದದಲ್ಲಿ ಪೊಟ್ಟಣ ಕಟ್ಟಿ, ಒಳಗೆ ನಾಲ್ಕೈದು ಬೀಜ. ಹೀರೆ, ಅವರೆ, ತೊಗರಿ, ಚೆಂಡು ಹೂವು ಯಾವುದಾದರೂ ಆದೀತು. ಮೇಲೆ "ಮಿರಗದ ಮಳೆ ಬಿದ್ದ ಮೇಲೆ ಹಾಕು" ಎಂದು ಬರೆಯಿರಿ. ಮೃಗಶಿರಾ ಮಳೆ ಜೂನ್ 7, 8ರ ಸುಮಾರಿಗೆ ಶುರು. ಏಪ್ರಿಲ್‌ನಲ್ಲೇ ಹಾಕಿದರೆ ಬಿಸಿಲಿಗೆ ಒಣಗಿ ಮಗು ಬೇಜಾರು ಮಾಡಿಕೊಳ್ಳುತ್ತದೆ.

ಎರಡು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಬಿತ್ತನೆ ಬೀಜದ ಅಂಗಡಿಯ ಕೆಂಪು, ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜ ಮಕ್ಕಳ ಕೈಗೆ ಕೊಡಲೇಬೇಡಿ. ಆ ಬಣ್ಣದ ಜೊತೆ ವಿಷದ ಔಷಧಿ ಇರುತ್ತದೆ. ಮನೆಯಲ್ಲೋ ಪರಿಚಯದ ರೈತರ ಹತ್ತಿರವೋ ಎತ್ತಿಟ್ಟ ಬೀಜ ಮಾತ್ರ ತನ್ನಿ. ಇನ್ನೊಂದು, ಚೆಂದ ಕಾಣುತ್ತದೆ ಎಂದು ಗುಲಗಂಜಿಯನ್ನು ಅಲಂಕಾರಕ್ಕೂ ಬಳಸಬೇಡಿ. ಅಗಿದರೆ ಜೀವಕ್ಕೇ ಅಪಾಯ. ಹರಳು ಬೀಜವೂ ಹಾಗೇ.

7. ಅಂಗಡಿಯಿಂದ ಕೊಳ್ಳುವುದಾದರೆ

ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆ, ಬೀದರ್‌ನಲ್ಲಿ ಚೌಬಾರಾ ಸುತ್ತ ವಿಚಾರಿಸಿ. ಬಿಡಿಯಾಗಿ ಕೇಳದೆ ಡಬ್ಬಿ ಲೆಕ್ಕದಲ್ಲಿ ಕೇಳಿ. "ಗ್ರೋಸ್" ಎಂದರೆ 144, ಅಂದರೆ ಹನ್ನೆರಡು ಡಜನ್. ಮೂವರು ಶಿಕ್ಷಕರು ಸೇರಿ ಒಂದು ಗ್ರೋಸ್ ಪೆನ್ಸಿಲ್ ತಂದು ಹಂಚಿಕೊಂಡರೆ ಅಗ್ಗ. ಸರ್ಕಾರದಿಂದ ಪಠ್ಯಪುಸ್ತಕ, ಸಮವಸ್ತ್ರ, ಶೂ ಬರುತ್ತವೆ. ಅದನ್ನೇ ಮತ್ತೆ ಕೊಡುವುದು ಬೇಡ.

ನಮ್ಮ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಚಾಕಲೇಟ್ ಕರಗುತ್ತದೆ. ಮೇಣದ ಕ್ರೆಯಾನುಗಳು ತಗಡಿನ ಕೋಣೆಯಲ್ಲಿ ಒಂದಕ್ಕೊಂದು ಅಂಟುತ್ತವೆ. ಬಣ್ಣದ ಪೆನ್ಸಿಲ್ ತನ್ನಿ. ಬೆಳಕು ಬರುವ, ಹಾಡು ಬರುವ ಆಟಿಕೆಗಳು ಬೇಡವೇ ಬೇಡ. ಅದರೊಳಗಿನ ಗುಂಡಿಯಂಥ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಗಂಟಲ ಒಳಗೆ ಸುಟ್ಟು ಹುಣ್ಣಾಗುತ್ತದೆ. ಹುಡುಗಿಯರಿಗೆ ಬಳೆ, ಹುಡುಗರಿಗೆ ಚೆಂಡು ಎಂದು ಬೇರೆ ಮಾಡಬೇಡಿ. ಮೊದಲ ರ‍್ಯಾಂಕಿಗೆ ದೊಡ್ಡದು, ಉಳಿದವರಿಗೆ ಚಿಕ್ಕದು ಎಂಬುದೂ ಬೇಡ. ಬಹುಮಾನಕ್ಕೆ ಬೇರೆ ದಿನ ಇದೆ.

ಹತ್ತನೇ ತರಗತಿಯವರದ್ದು ಬೇರೆ ಮಾತು. ಅವರಿಗೆ ಪರೀಕ್ಷೆಗೆ ಮೊದಲೇ, ಬೀಳ್ಕೊಡುಗೆಯ ದಿನ ಕೊಡಬೇಕು. ಎರಡು ಪೆನ್ನು, ಒಂದು ಸ್ಕೇಲು, ಜೊತೆಗೆ ನಿಮ್ಮ ಸಾಲು.

8. ಕೊಡುವ ದಿನ

ಶಾಲೆ ಏಪ್ರಿಲ್ 10ರ ಸುಮಾರಿಗೆ ಮುಗಿಯುತ್ತದೆ, ಅವತ್ತೇ ಕೊಟ್ಟರಾಯಿತು ಎಂದುಕೊಳ್ಳಬೇಡಿ. ನಾನೂ ಒಂದು ವರ್ಷ ಫಲಿತಾಂಶದ ದಿನಕ್ಕೆ ಕಾದೆ. ಹನ್ನೊಂದು ಮಕ್ಕಳು ಬರಲೇ ಇಲ್ಲ. ಪರೀಕ್ಷೆ ಮುಗಿದ ಮರುದಿನವೇ ತಾಯಿ ತಂದೆಯ ಜೊತೆ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೋಗಿದ್ದರು. ಆದ್ದರಿಂದ ಕೊನೆಯ ಪರೀಕ್ಷೆಯ ದಿನ, ಉತ್ತರ ಪತ್ರಿಕೆ ತೆಗೆದುಕೊಂಡ ಕೂಡಲೇ ಕೊಡಿ. ಯಾರ ಮನೆಯವರು ಗುಳೆ ಹೋಗುತ್ತಾರೆ ಎಂದು ಮಾರ್ಚ್‌ನಲ್ಲೇ ಕೇಳಿಟ್ಟುಕೊಳ್ಳಿ. ಅವರಿಗೆ ಇನ್ನೂ ಮೊದಲೇ ಕೊಡಿ.

ಹಾಜರಿ ಕ್ರಮದಲ್ಲಿ ಕರೆಯದೆ ನೀವೇ ಒಬ್ಬೊಬ್ಬರ ಜಾಗಕ್ಕೆ ಹೋಗಿ ಕೊಡಿ. ಸಾಲನ್ನು ಮೆಲ್ಲಗೆ, ಆ ಮಗುವಿಗೆ ಮಾತ್ರ ಕೇಳುವಂತೆ ಓದಿ. 38 ಮಕ್ಕಳಿಗೆ ಮುಕ್ಕಾಲು ಗಂಟೆ ಬೇಕಾಗುತ್ತದೆ. ಅಷ್ಟು ಹೊತ್ತು ಉಳಿದವರಿಗೆ ಪುಟಾಣಿ ಪುಸ್ತಕ ಮಡಚುವ ಕೆಲಸ ಕೊಟ್ಟರೆ ಗದ್ದಲ ಇರುವುದಿಲ್ಲ. ಕತ್ತರಿಸುವುದನ್ನು ನೀವು ಮೊದಲೇ ಮುಗಿಸಿರಿ.

ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಬೇಡಿ. ಕೈ ಚಾಚಿ ಪಡೆಯುವ ಮಗುವಿನ ಮುಖ ಊರಿಗೆಲ್ಲ ತೋರಿಸುವಂಥದ್ದಲ್ಲ.

ಬಾರದ ಮಕ್ಕಳ ಪೊಟ್ಟಣಕ್ಕೆ ಹೆಸರು ಬರೆದು ಅಜ್ಜಿಯ ಕೈಗೋ ಚಿಕ್ಕಪ್ಪನ ಕೈಗೋ ತಲುಪಿಸಿ. ಊರಲ್ಲಿ ಯಾರೂ ಉಳಿದಿಲ್ಲದಿದ್ದರೆ ಶಾಲೆಯ ಬೀರುವಿನಲ್ಲಿ ವಹಿಯ ಜೊತೆಗೇ ಇಡಿ. ಮೇ ಕೊನೆಗೆ ಶಾಲೆ ತೆರೆದ ಮೇಲೆ ಆ ಮಗು ಬಾಗಿಲಲ್ಲಿ ಕಂಡ ದಿನವೇ ತೆಗೆದು ಕೊಡಿ.